ದೊಡ್ಡ ಸಂಖ್ಯೆ ಬಿಟ್ಟು ಪೈಪಿನ ದಾರಿ ನೋಡಿದ ಒಂದು ಮನೆ: ಕಡಿಮೆ ಬಜೆಟ್‌ನಲ್ಲಿ ಅಡುಗೆಮನೆ ಚಿಮಣಿ ಆರಿಸಿದ ಪ್ರಕರಣ

ಅಡುಗೆಮನೆಗಳ ಒಳವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಒಲೆಯ ಮೇಲೆ ಹೊಗೆ ಹೀರಲು ಕೂರಿಸುವ ಚಿಮಣಿಯ ಬಗ್ಗೆ ಜನ ನನ್ನನ್ನು ಕೇಳುವಷ್ಟು ಪ್ರಶ್ನೆ ಬೇರೆ ಯಾವುದರ ಬಗ್ಗೆಯೂ ಕೇಳುವುದಿಲ್ಲ. ಬಾಯಿಮಾತಿನ ಉತ್ತರಕ್ಕಿಂತ ಒಂದು ಮನೆಯಲ್ಲಿ ನಡೆದದ್ದನ್ನು ಪೂರ್ತಿ ಹೇಳಿದರೆ ಜಾಸ್ತಿ ಉಪಯೋಗ ಅಂತ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು, ಊರು, ಕಂಪನಿ ಯಾವುದೂ ಇಲ್ಲಿ ಬರುವುದಿಲ್ಲ. ಹಣದ ಲೆಕ್ಕವನ್ನೂ ಮೊತ್ತದಲ್ಲಿ ಹೇಳದೆ, ಅವರು ಎತ್ತಿಟ್ಟ ಹಣವನ್ನು ಹತ್ತು ಪಾಲು ಮಾಡಿ ಹೇಳುತ್ತೇನೆ.

ಮನೆ, ಅಡುಗೆಮನೆ, ಅಜ್ಜಿ

ಮನೆಯಲ್ಲಿ ಐದು ಜನ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅಜ್ಜಿ. ದಿನದ ಅಡುಗೆಯಲ್ಲಿ ಮುಕ್ಕಾಲು ಪಾಲು ಅಜ್ಜಿಯದೇ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಅಡುಗೆಮನೆ 3 ಮೀಟರ್ ಉದ್ದ, 2.4 ಮೀಟರ್ ಅಗಲ, 2.7 ಮೀಟರ್ ಎತ್ತರ. 60 ಸೆಂಟಿಮೀಟರ್ ಅಗಲದ, ನಾಲ್ಕು ಬರ್ನರ್ ಇರುವ ಗ್ಯಾಸ್ ಒಲೆ. ಒಲೆಯ ಎಡಕ್ಕೆ ಕೈಗೆಟುಕುವ ದೂರದಲ್ಲೇ ಒಂದು ಕಿಟಕಿ. ಅಡುಗೆಮನೆಗೂ ಹಾಲ್‌ಗೂ ನಡುವೆ ಬಾಗಿಲಿಲ್ಲ. ಒಲೆಯ ಮೇಲೆ ಮನೆ ಕೊಂಡಾಗಲೇ ಇದ್ದ ಒಂದು ಹಳೆಯ ಚಿಮಣಿ.

ನನ್ನನ್ನು ಕರೆದದ್ದು ಮನೆಯಾಕೆ. ಏನನ್ನಾದರೂ ಕರಿದ ದಿನ ರಾತ್ರಿವರೆಗೂ ಹಾಲ್‌ನಲ್ಲಿ ವಾಸನೆ, ಒಣಗಿಸಿದ ಬಟ್ಟೆಗೂ ವಾಸನೆ, ಅಜ್ಜಿಗೆ ಅಡುಗೆ ಮಾಡುವಾಗ ಕಣ್ಣುರಿ ಮತ್ತು ಕೆಮ್ಮು. ನಾನು ಸ್ಟೂಲ್ ಹಾಕಿ ಹತ್ತಿ ಮೇಲಿನ ಕಪಾಟಿನ ತಲೆಯ ಮೇಲೆ ಬೆರಳಿಟ್ಟೆ. ಬೆರಳು ಅಂಟಿಕೊಂಡಿತು. ಎತ್ತಿದಾಗ ಬೆರಳಿನ ಗೆರೆಗಳ ಸಮೇತ ಅಚ್ಚು ಅಲ್ಲೇ ಉಳಿಯಿತು. ಕಂದು ಬಣ್ಣದ ಜಿಡ್ಡು, ಅದರೊಳಗೆ ಧೂಳು, ಅದರ ಮೇಲೆ ಇನ್ನೊಂದು ಪದರ ಜಿಡ್ಡು. ಒದ್ದೆ ಬಟ್ಟೆಗೆ ಬರಲಿಲ್ಲ, ಚಾಕುವಿನ ಹಿಂಬದಿಯಿಂದ ಕೆರೆದಾಗ ಸಿಪ್ಪೆಯ ಹಾಗೆ ಸುರುಳಿ ಸುತ್ತಿಕೊಂಡು ಬಂತು.

ಗಾಳಿಯಲ್ಲಿ ಹಾರಿದ ಎಣ್ಣೆ ಹೀಗೆ ಕಪಾಟಿನ ಮೇಲೆ ಕೂತಿದ್ದರೆ ಉಸಿರಿನ ಜೊತೆಗೂ ಒಳಗೆ ಹೋಗಿರುತ್ತದೆ ಅಲ್ವಾ? ಕರಿಯುವಾಗ, ಹುರಿಯುವಾಗ ಏಳುವ ಕಣಗಳಲ್ಲಿ ಬಹುಪಾಲು ಕಣ್ಣಿಗೆ ಕಾಣದಷ್ಟು ಸಣ್ಣವು. ಗ್ಯಾಸ್ ಉರಿ ಬೇರೆ ನೈಟ್ರೋಜನ್ ಡೈಆಕ್ಸೈಡ್ ಬಿಡುತ್ತದೆ, ಅದು ಶ್ವಾಸನಾಳಕ್ಕೆ ಕೆರಳಿಕೆ ತರುವ ಅನಿಲ. ಹಾಗಾಗಿ ಅಜ್ಜಿಯ ಕೆಮ್ಮನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಲು ನನಗೆ ಮನಸ್ಸಾಗಲಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ, ಜೊತೆಗೆ ಗಾಳಿಯನ್ನೂ ಸರಿಮಾಡೋಣ ಅಂದೆ.

ಪೈಪೇ ಇಲ್ಲದ ಚಿಮಣಿ

ಹಳೆಯ ಚಿಮಣಿ ಹಾಕಿದರೆ ಭಾರಿ ಸದ್ದು. ಫಿಲ್ಟರ್ ಹತ್ತಿರ ಕಾಗದ ಹಿಡಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತಿತ್ತು. "ಎಳೆಯೋದೇನೋ ಎಳೆಯುತ್ತೆ, ಆದರೂ ವಾಸನೆ ಹೋಗಲ್ಲ" ಅಂದರು ಮನೆಯ ಯಜಮಾನರು. ಅವರ ತೀರ್ಮಾನ ಆಗಲೇ ಆಗಿತ್ತು: ಮೋಟರಿಗೆ ಶಕ್ತಿ ಸಾಲದು, ಇನ್ನೂ ಜೋರಾಗಿ ಎಳೆಯುವುದನ್ನು ತರಬೇಕು.

ಚಿಮಣಿಯ ಮೇಲೆ ನಿಂತಿರುವ ಸ್ಟೀಲ್ ಕವಚದ ಎರಡು ಸ್ಕ್ರೂ ಬಿಚ್ಚಿ ಇಳಿಸಿದೆವು. ಒಳಗೆ ಪೈಪೇ ಇರಲಿಲ್ಲ. ಮೋಟರಿನ ಬಾಯಿ ನೇರವಾಗಿ ಕವಚದೊಳಗೆ ತೆರೆದುಕೊಂಡಿತ್ತು. ಕವಚದ ಮೇಲ್ತುದಿಯ ಎರಡೂ ಬದಿಗೆ ಸೀಳುಗಳಿದ್ದವು. ಎಳೆದುಕೊಂಡ ಗಾಳಿ ಆ ಸೀಳುಗಳಿಂದ ಮತ್ತೆ ಅಡುಗೆಮನೆಗೇ ಬರುತ್ತಿತ್ತು, ಅದೂ ಸರಿಯಾಗಿ ಕಪಾಟಿನ ತಲೆಯ ಎತ್ತರಕ್ಕೆ. ಜಿಡ್ಡು ಅಲ್ಲಿಗೆ ಹೇಗೆ ಬಂತು ಅನ್ನೋದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ಇದು ಮರುಸುತ್ತು ಮಾದರಿಯ ಚಿಮಣಿ. ಹೊರಕ್ಕೆ ಪೈಪ್ ಹಾಕಲು ಜಾಗವೇ ಇಲ್ಲದ ಮನೆಗಳಿಗೆ ಮಾಡಿದ್ದು. ಗಾಳಿಯನ್ನು ಜಿಡ್ಡಿನ ಫಿಲ್ಟರ್, ಆಮೇಲೆ ಇದ್ದಿಲಿನ ಫಿಲ್ಟರ್ ಮೂಲಕ ಹಾಯಿಸಿ ಮನೆಯೊಳಗೇ ಬಿಡುತ್ತದೆ. ಇದ್ದಿಲು ಹೊಸದಿದ್ದಾಗ ವಾಸನೆಯನ್ನು ಒಂದಷ್ಟು ಹಿಡಿಯುತ್ತದೆ. ಉಗಿ, ಬಿಸಿ, ಕಾರ್ಬನ್ ಮೊನಾಕ್ಸೈಡ್ ಇವನ್ನು ಅದು ಹಿಡಿಯುವುದಿಲ್ಲ. ನಾಲ್ಕು ವರ್ಷದಿಂದ ಆ ಮನೆಯವರು ಹೊಗೆ ಹೊರಗೆ ಹೋಗುತ್ತಿದೆ ಅಂತಲೇ ನಂಬಿದ್ದರು. ಇದ್ದಿಲಿನ ಫಿಲ್ಟರ್ ಒಳಗಿದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಕವಚ ಹಾಕಿದ ಮೇಲೆ ಎರಡೂ ಮಾದರಿ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಮೊದಲ ಪ್ರಯತ್ನ

ಹಣ ಉಳಿಯಲಿ ಅಂತ ಮೊದಲು ಇದ್ದಿಲಿನ ಫಿಲ್ಟರನ್ನಷ್ಟೇ ಬದಲಿಸಿದೆವು. ಜಿಡ್ಡಿನ ಫಿಲ್ಟರಿನ ಜಾಲರಿಯನ್ನು ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ಅರ್ಧ ಗಂಟೆ ನೆನೆಸಿ ಉಜ್ಜಿದೆವು. ಮೊದಲ ವಾರ ಹಾಲ್‌ನಲ್ಲಿ ವಾಸನೆ ಗೊತ್ತಾಗುವಷ್ಟು ಕಮ್ಮಿ. ಎರಡನೇ ತಿಂಗಳ ಹೊತ್ತಿಗೆ ಯಥಾಪ್ರಕಾರ. ಇದ್ದಿಲಿನ ಫಿಲ್ಟರ್‌ಗಳನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕು, ಕರಿಯುವುದು ಜಾಸ್ತಿ ಇರುವ ಮನೆಯಲ್ಲಿ ಇನ್ನೂ ಬೇಗ. ತೊಳೆದರೆ ಸರಿಹೋಗುವುದಿಲ್ಲ. ಕಿಟಕಿ ಗಾಜಿನ ಮೇಲಿನ ಹಬೆ, ಅಜ್ಜಿಯ ಕಣ್ಣುರಿ ಇವುಗಳಲ್ಲಿ ಒಂದು ದಿನವೂ ವ್ಯತ್ಯಾಸ ಕಾಣಲಿಲ್ಲ.

ಮನೆಯಾಕೆ ಫಿಲ್ಟರಿಗೆ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದರು. ಐದು ವರ್ಷದ ಫಿಲ್ಟರ್ ಖರ್ಚಿನಲ್ಲಿ ಗೋಡೆಗೆ ತೂತು ಕೊರೆದು ಪೈಪ್ ಹಾಕಿಸಬಹುದಿತ್ತು. ಆ ಕಾಗದ ನೋಡಿದ ಮೇಲೆ ಮರುಸುತ್ತಿನ ಮಾತು ನಿಂತಿತು. ಹೊರಗೆ ಬಿಡಲು ದಾರಿ ಇರುವ ಮನೆಯಲ್ಲಿ ಹೊರಗೇ ಬಿಡಬೇಕು. ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ.

ಸಂಖ್ಯೆಯ ಹಿಂದೆ ಹೋದ ಎರಡು ವಾರ

ಯಜಮಾನರು ಒಂದು ಪಟ್ಟಿ ತಂದರು. ಎಲ್ಲದರಲ್ಲೂ ದಪ್ಪ ಅಕ್ಷರದಲ್ಲಿ ಹೀರುವ ಶಕ್ತಿ: ಗಂಟೆಗೆ 1,000, 1,200, 1,400 ಘನ ಮೀಟರ್. ಅವರು ಆರಿಸಿದ್ದು 1,400ರದು. ಅದಕ್ಕೇ ಬಜೆಟ್ಟಿನ ಹತ್ತರಲ್ಲಿ ಒಂಬತ್ತು ಪಾಲು ಹೋಗುತ್ತಿತ್ತು. ಉಳಿದ ಒಂದು ಪಾಲಿನಲ್ಲಿ ಪೈಪ್ ಮತ್ತು ಕೂಲಿ.

ನಾವು ಕೂತು ಲೆಕ್ಕ ಹಾಕಿದೆವು. ಅಡುಗೆಮನೆಯ ಗಾತ್ರ 3 × 2.4 × 2.7, ಅಂದರೆ ಸುಮಾರು 19.4 ಘನ ಮೀಟರ್. ಗಂಟೆಗೆ ಹತ್ತರಿಂದ ಹದಿನೈದು ಬಾರಿ ಆ ಗಾಳಿ ಬದಲಾಗಬೇಕು ಅನ್ನುವುದು ನಮ್ಮ ಕೆಲಸದಲ್ಲಿ ಬಳಕೆಯಲ್ಲಿರುವ ಅಂದಾಜು. ಅದು 194ರಿಂದ 291 ಘನ ಮೀಟರ್ ಆಯಿತು. ಇನ್ನೊಂದು ಲೆಕ್ಕ ಅಮೆರಿಕದ ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟ್ ಹೇಳುವುದು: ಗೋಡೆಗೆ ಒರಗಿದ ಒಲೆಯಾದರೆ ಅಗಲದ ಪ್ರತಿ ಅಡಿಗೆ 100 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 100 ಘನ ಅಡಿ ಗಾಳಿ. 60 ಸೆಂಟಿಮೀಟರ್ ಒಲೆ ಹತ್ತಿರ ಹತ್ತಿರ ಎರಡು ಅಡಿ, ಅಂದರೆ 200 ಸಿಎಫ್‌ಎಂ. ಒಂದು ಸಿಎಫ್‌ಎಂ ಅಂದರೆ ಗಂಟೆಗೆ ಸುಮಾರು 1.7 ಘನ ಮೀಟರ್. ಹಾಗಾಗಿ 340.

ಎರಡರಲ್ಲಿ ದೊಡ್ಡದನ್ನೇ ಹಿಡಿದು 350 ಅಂತ ಇಟ್ಟುಕೊಂಡೆವು. 1,400ರ ನಾಲ್ಕನೇ ಒಂದು ಭಾಗ!

"ಜಾಸ್ತಿ ಇದ್ದರೆ ನಷ್ಟವೇನು?" ಅಂತ ಯಜಮಾನರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಡಬ್ಬಿಯ ಮೇಲೆ ಬರೆಯುವ ಸಂಖ್ಯೆ ಎಷ್ಟೋ ಸಲ ಎದುರಿಗೆ ಅಡ್ಡಿಯೇ ಇಲ್ಲದಾಗ ಮೋಟರ್ ತಳ್ಳುವ ಗಾಳಿಯದು. ಪೈಪ್, ತಿರುವು, ಹೊರಗಿನ ಮುಚ್ಚಳ, ಜಿಡ್ಡು ಹಿಡಿದ ಫಿಲ್ಟರ್ ಎಲ್ಲ ಸೇರಿದಾಗ ಅದು ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ನಿಮ್ಮ ಪೈಪಿನ ಕೈಯಲ್ಲಿದೆ. ಜೊತೆಗೆ, ಗಂಟೆಗೆ 1,400 ಘನ ಮೀಟರ್ ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಆ ಮನೆಯ ಕಿಟಕಿ ಬಾಗಿಲುಗಳು ಭದ್ರವಾಗಿ ಮುಚ್ಚುವಂಥವು. ಒಳಗೆ ಬರಲು ದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ಮೋಟರ್ ಆದರೂ ಸುಮ್ನೆ ಕೂಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹೊಗೆಕೊಳವೆ ಇರುವ ಗ್ಯಾಸ್ ಗೀಸರ್ ಅಥವಾ ಬೆಂಕಿಗೂಡು ಮನೆಯೊಳಗಿದ್ದರೆ, ಜೋರಾದ ಚಿಮಣಿ ಆ ಕೊಳವೆಯ ಹೊಗೆಯನ್ನು ವಾಪಸ್ ಮನೆಯೊಳಗೆ ಎಳೆಯಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ, ಜೀವಕ್ಕೇ ಅಪಾಯ. ಈ ಮನೆಯಲ್ಲಿ ನೀರು ಕಾಯಿಸುವುದು ವಿದ್ಯುತ್ತಿನಲ್ಲಿ ಅಂತ ಖಚಿತ ಮಾಡಿಕೊಂಡೇ ನಾನು ಮುಂದುವರಿದೆ.

ಗೋಡೆಯ ತೂತು

ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ಹಳೆಯ ತೂತು ಒಂದಿತ್ತು, 100 ಮಿಲಿಮೀಟರ್ ಅಗಲದ್ದು. ಅಂಗಡಿಯ ಕಡೆಯಿಂದ ಅಳತೆಗೆ ಬಂದವರು ಅದನ್ನೇ ಬಳಸೋಣ, ಕಪಾಟಿನ ಮೇಲಿಂದ ಮಡಚುವ ಪೈಪ್ ಒಯ್ದರಾಯಿತು ಅಂದರು. ಟೇಪ್ ಹಿಡಿದು ನೋಡಿದರೆ ಐದು ಮೀಟರ್ ದೂರ, ಮೂರು ತಿರುವು. ಖರ್ಚು ಮಾತ್ರ ತೀರಾ ಕಡಿಮೆ.

ಇನ್ನೊಂದು ದಾರಿ ಒಲೆಯ ಹತ್ತಿರದ ಹೊರಗೋಡೆಗೇ 150 ಮಿಲಿಮೀಟರ್ ಪೈಪಿಗೆ ಹೊಸ ತೂತು ಕೊರೆಸುವುದು. ಮೇಲಕ್ಕೆ 40 ಸೆಂಟಿಮೀಟರ್, ಒಂದು ತಿರುವು, ಅಡ್ಡಕ್ಕೆ 90 ಸೆಂಟಿಮೀಟರ್, ಅಷ್ಟೇ. ಆದರೆ ಕೊರೆಯುವ ಯಂತ್ರ, ಗಾರೆ ಕೆಲಸ, ಕಟ್ಟಡದ ಸಮಿತಿಯ ಅನುಮತಿ ಎಲ್ಲ ಬೇಕು.

ಈ ಪ್ರಕರಣದಲ್ಲಿ ನಿಜವಾದ ತಿರುವು ಇಲ್ಲೇ ಬಂತು. ಹಾಗಾಗಿ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಗಂಟೆಗೆ 350 ಘನ ಮೀಟರ್ ಗಾಳಿ 100 ಮಿಲಿಮೀಟರ್ ಪೈಪಿನಲ್ಲಿ ಹೋಗಬೇಕಾದರೆ ಸೆಕೆಂಡಿಗೆ ಸುಮಾರು 12 ಮೀಟರ್ ವೇಗ ಬೇಕು. 150ರ ಪೈಪಿನಲ್ಲಿ ಐದೂವರೆ ಮೀಟರ್ ಸಾಕು. ಪೈಪಿನೊಳಗಿನ ಎಳೆತದ ನಷ್ಟ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಪೈಪ್ ಸಣ್ಣದಾದಾಗ ಗೋಡೆಯ ಉಜ್ಜಾಟವೂ ಸೇರಿಕೊಳ್ಳುತ್ತದೆ. ಎರಡೂ ಸೇರಿ ಒಂದೇ ಉದ್ದಕ್ಕೆ ಸಣ್ಣ ಪೈಪಿನಲ್ಲಿ ಸುಮಾರು ಏಳು ಪಟ್ಟು ಜಾಸ್ತಿ ತಡೆ. ಇಲ್ಲಿ ಉದ್ದವೂ ನಾಲ್ಕು ಪಟ್ಟು, ತಿರುವು ಮೂರು ಪಟ್ಟು. ಮಡಚುವ ಪೈಪಿನ ಒಳಗೋಡೆ ಏಣು ಏಣಾಗಿರುವುದರಿಂದ ನಯವಾದ ತಗಡಿನ ಪೈಪಿಗಿಂತ ಅದು ಗಾಳಿಯನ್ನು ಇನ್ನೂ ತಡೆಯುತ್ತದೆ, ಜಿಡ್ಡೂ ಆ ಏಣುಗಳಲ್ಲಿ ಕೂರುತ್ತದೆ. ವೇಗ ಜಾಸ್ತಿಯಾದ ಹಾಗೆ ಸದ್ದೂ ಜಾಸ್ತಿ.

ಎಲ್ಲ ಕೇಳಿಸಿಕೊಂಡು ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದದ್ದು: "ಹಾಗಾದರೆ ನಾನು ಮೋಟರಿಗೆ ಕೊಡೋ ದುಡ್ಡೆಲ್ಲ ಆ ಪೈಪ್ ತಿಂದುಹಾಕುತ್ತೆ." ಅದಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ಅಲ್ಲಿಂದ ಪಾಲುಗಳು ಬದಲಾದವು. ಚಿಮಣಿಗೆ ಐದು ಪಾಲು. ತೂತು, ತಗಡಿನ ಪೈಪ್, ಹೊರಮುಚ್ಚಳ, ಗಾರೆ ಸೇರಿ ಮೂರು. ಹೊಸ ಪ್ಲಗ್ ಪಾಯಿಂಟ್, ಕೂಲಿಗೆ ಒಂದು. ಒಂದು ಪಾಲು ಕೈಯಲ್ಲಿ ಉಳಿಸಿಕೊಂಡೆವು.

ಕೊರೆಯುವ ಮೊದಲು ಗೋಡೆಯೊಳಗೆ ವೈರ್, ನೀರಿನ ಪೈಪ್ ಇವೆಯೇ ಅಂತ ನೋಡಿಸಿದೆವು. ಗುರುತು ಹಾಕಿದ ಜಾಗ ಕಾಂಕ್ರೀಟ್ ತೊಲೆಗೆ ತಾಗುತ್ತಿತ್ತು, ಹಾಗಾಗಿ ತೂತನ್ನು ಒಂದು ಗೇಣು ಕೆಳಗೂ ಬಲಕ್ಕೂ ಸರಿಸಿದೆವು. ತೊಲೆ, ಕಂಬಗಳನ್ನು ಯಾವ ಕಾರಣಕ್ಕೂ ಕೊರೆಯಬಾರದು. ಹೊರಗೆ ಹೋಗಿ ಮೇಲಿನ ಮನೆಯ ಕಿಟಕಿ ಎಲ್ಲಿದೆ ಅಂತಲೂ ನೋಡಿಬಂದೆವು. ನಮ್ಮ ಹೊಗೆ ಇನ್ನೊಬ್ಬರ ಮನೆಗೆ ಹೋಗುವಂತಿದ್ದರೆ ಆ ಕೆಲಸವನ್ನು ನಾನು ಮಾಡಿಸುತ್ತಿರಲಿಲ್ಲ.

ಏನು ಬೇಕು, ಏನು ಬೇಡ

ಐದು ಪಾಲಿನಲ್ಲಿ ಎಲ್ಲವೂ ಬರುವುದಿಲ್ಲ. ಕೈ ಬೀಸಿದರೆ ಚಾಲೂ ಆಗುವುದು, ಗಾಜಿನ ಮುಂಭಾಗ, ಬಿಸಿಮಾಡಿ ತನ್ನ ಒಳಗಿನ ಜಿಡ್ಡನ್ನು ತಾನೇ ಕರಗಿಸಿ ಬಟ್ಟಲಿಗೆ ಇಳಿಸುವ ವ್ಯವಸ್ಥೆ, ಇವನ್ನೆಲ್ಲ ಬಿಟ್ಟೆವು. ಕೊನೆಯದನ್ನು ಬಿಡುವಾಗ ಮನೆಯಾಕೆಗೆ ಬೇಸರವಾಯಿತು. ಹಣ ಇದ್ದವರಿಗೆ ಅದು ಅನುಕೂಲವೇ. ಆದರೆ ತೆಗೆದು ತೊಳೆಯಲು ಬರುವ ಫಿಲ್ಟರ್ ಇದ್ದರೆ ಅದಿಲ್ಲದೆಯೂ ನಡೆಯುತ್ತದೆ.

ಫಿಲ್ಟರ್ ವಿಷಯದಲ್ಲಿ ಸ್ಟೀಲಿನ ಬ್ಯಾಫಲ್ ಆರಿಸಿದೆವು. ಬಾಗಿದ ಪಟ್ಟಿಗಳ ನಡುವೆ ಗಾಳಿ ಗಕ್ಕನೆ ತಿರುಗಬೇಕಾಗುತ್ತದೆ, ಎಣ್ಣೆಯ ಹನಿ ಭಾರ ಇರುವುದರಿಂದ ತಿರುಗಲಾರದೆ ಪಟ್ಟಿಗೆ ಬಡಿದು ಕೆಳಗೆ ಜಾರುತ್ತದೆ. ಅಲ್ಯುಮಿನಿಯಂ ಜಾಲರಿಯ ಪದರಗಳೂ ಜಿಡ್ಡು ಹಿಡಿಯುತ್ತವೆ, ಹೊಸದರಲ್ಲಿ ಚೆನ್ನಾಗಿಯೇ ಹಿಡಿಯುತ್ತವೆ. ಆದರೆ ಕಟ್ಟಿಕೊಂಡ ಕೂಡಲೇ ಗಾಳಿಯನ್ನೂ ತಡೆಯುತ್ತವೆ. ಕರಿಯುವುದು ಜಾಸ್ತಿ ಇರುವ, ತೊಳೆಯುವುದು ಮುಂದಕ್ಕೆ ಹೋಗುವ ಮನೆಗೆ ಬ್ಯಾಫಲ್ ವಾಸಿ.

ಅಗಲ ಒಲೆಯಷ್ಟೇ ಇದ್ದರೆ ಸಾಕಾ ಅಂತ ಚರ್ಚೆಯಾಯಿತು. ಒಲೆಗಿಂತ ಎರಡೂ ಬದಿಗೆ ಒಂದಿಷ್ಟು ಹೊರಚಾಚಿದರೆ ಒಳ್ಳೆಯದು. 75 ಸೆಂಟಿಮೀಟರ್‌ನದು ಐದು ಪಾಲು ದಾಟುತ್ತಿತ್ತು. 60ರದಕ್ಕೇ ಒಪ್ಪಿಕೊಂಡೆವು. ಇದು ಬಜೆಟ್ಟಿಗೆ ತಲೆಬಾಗಿದ ತೀರ್ಮಾನ, ಅದರ ಫಲ ಆಮೇಲೆ ಕಂಡಿತು.

ಕೊನೆಗೆ ಕೈಯಲ್ಲಿ ಎರಡು ಉಳಿದವು. ಎರಡೂ ಹೆಚ್ಚೆಂದರೆ ಗಂಟೆಗೆ 650 ಘನ ಮೀಟರ್ ಆಸುಪಾಸಿನವು. ಒಂದರ ಸದ್ದು ನಡುವಿನ ವೇಗದಲ್ಲಿ 54 ಡೆಸಿಬೆಲ್, ಇನ್ನೊಂದರದು 62. ಎಂಟೇ ವ್ಯತ್ಯಾಸ ಅಂತ ಅನ್ನಿಸುತ್ತದೆ. ಆದರೆ ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಹತ್ತಿರ ಹತ್ತಿರ ಎರಡರಷ್ಟಾದ ಹಾಗೆ ಕೇಳುತ್ತದೆ. ಸದ್ದು ಕಡಿಮೆ ಇರುವುದಕ್ಕೆ ಬೆಲೆ ಸ್ವಲ್ಪ ಜಾಸ್ತಿ.

ಆಗ ಅಜ್ಜಿಯನ್ನು ಕೇಳಿದೆ. ಅದುವರೆಗೆ ಅವರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹಳೆಯದನ್ನು ನೀವು ದಿನಕ್ಕೆ ಎಷ್ಟು ಹೊತ್ತು ಹಾಕುತ್ತಿದ್ದಿರಿ ಅಂದೆ. "ನಾನೆಲ್ಲಿ ಹಾಕ್ತಿದ್ದೆ? ತಲೆ ಮೇಲೆ ಅಷ್ಟು ಸದ್ದು ಮಾಡಿದ್ರೆ ಕುಕ್ಕರ್ ಕೂಗಿದ್ದು ಗೊತ್ತಾಗಲ್ಲ, ಫೋನ್ ಕೇಳಿಸಲ್ಲ. ಇವರು ಮನೇಲಿದ್ದಾಗ ಇವರೇ ಹಾಕ್ತಾರೆ." ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಅಡುಗೆಯ ಮುಕ್ಕಾಲು ಪಾಲು ಮಾಡುವವರು ಚಿಮಣಿ ಹಾಕುತ್ತಲೇ ಇರಲಿಲ್ಲ.

54 ಡೆಸಿಬೆಲ್‌ನದನ್ನೇ ಕೊಂಡೆವು. ಗುಂಡಿಗಳು ಒತ್ತುವ ಮಾದರಿಯವು, ಕೈಯಲ್ಲಿ ಎಣ್ಣೆ ಇದ್ದರೂ ಒತ್ತಲು ಬರುವಂಥವು. ಹೀರುವ ಶಕ್ತಿ, ಸದ್ದು ಎರಡನ್ನೂ ಹೋಲಿಸುವಾಗ ಒಂದು ಮಾತು ನೆನಪಿಡಿ: ಗರಿಷ್ಠ ವೇಗದ ಗಾಳಿಯನ್ನೂ ಕನಿಷ್ಠ ವೇಗದ ಸದ್ದನ್ನೂ ಪಕ್ಕಪಕ್ಕ ಬರೆದಿರುವ ಕರಪತ್ರಗಳಿವೆ. ಯಾವ ವೇಗದಲ್ಲಿ ಎಷ್ಟು ಗಾಳಿ, ಅದೇ ವೇಗದಲ್ಲಿ ಎಷ್ಟು ಸದ್ದು ಅಂತ ಒಟ್ಟಿಗೆ ಕೇಳಬೇಕು.

ಕೂರಿಸಿದ ದಿನ

ಕೂರಿಸಲು ಬಂದವರು ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಮುಗಿಸಿ ಹೊರಟರು. ಹಾಕಿ ನೋಡಿದರೆ ಸದ್ದು ಕರಪತ್ರದಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ, ಹೊರಗಿನ ಮುಚ್ಚಳದ ರೆಕ್ಕೆಗಳು ಅರ್ಧ ಮಾತ್ರ ಏಳುತ್ತಿದ್ದವು. ಯಜಮಾನರ ಮುಖ ಸಪ್ಪಗಾಯಿತು. ದೊಡ್ಡದನ್ನೇ ತರಬೇಕಿತ್ತು ಅನ್ನುವ ಮಾತು ಅವರ ಬಾಯಿಯ ತನಕ ಬಂದದ್ದು ನನಗೆ ಕಂಡಿತು.

ಮತ್ತೆ ಕವಚ ಇಳಿಸಿದೆವು. ಪೈಪ್ ಸರಿಯಾಗಿಯೇ ಇತ್ತು. ಅದನ್ನು ಚಿಮಣಿಯ ಬಾಯಿಂದ ಬಿಡಿಸಿ ಟಾರ್ಚ್ ಹಾಕಿದೆ. ಹೊರಗಿನ ಗಾಳಿ ವಾಪಸ್ ಬಾರದಂತೆ ಅಲ್ಲಿ ಚಿಟ್ಟೆಯ ರೆಕ್ಕೆಯ ಹಾಗೆ ಎರಡು ಪ್ಲಾಸ್ಟಿಕ್ ಹಾಳೆಗಳಿರುತ್ತವೆ, ಮೋಟರ್ ತಿರುಗಿದಾಗ ತೆರೆದುಕೊಳ್ಳುತ್ತವೆ. ಒಂದು ರೆಕ್ಕೆ ಬೆರಳಿಗೆ ಸಲೀಸಾಗಿ ಎದ್ದಿತು. ಇನ್ನೊಂದು ಅಲುಗಲಿಲ್ಲ. ಅದರ ಅಂಚಿನಲ್ಲಿ ಎರಡು ಬೆರಳಗಲದ ನೀಲಿ ಟೇಪ್. ಸಾಗಿಸುವಾಗ ರೆಕ್ಕೆ ಪಟಪಟ ಬಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಅಂಟಿಸಿದ್ದು. ಕಿತ್ತುಹಾಕಬೇಕು ಅಂತ ಕೈಪಿಡಿಯಲ್ಲಿ ಬರೆದಿತ್ತು, ಕೂರಿಸಿದವರು ನೋಡಿರಲಿಲ್ಲ. ಟೇಪ್ ಕಿತ್ತು ಮತ್ತೆ ಜೋಡಿಸಿದ ಮೇಲೆ ಸದ್ದು ಇಳಿದದ್ದು ಹಾಲ್‌ನಲ್ಲಿದ್ದ ಮಕ್ಕಳಿಗೂ ಗೊತ್ತಾಯಿತು.

ನೀವು ಚಿಮಣಿ ಹಾಕಿಸಿದ ದಿನ, ಕೆಲಸದವರು ಇನ್ನೂ ಅಲ್ಲಿರುವಾಗಲೇ ಹೊರಗೆ ಹೋಗಿ ಮುಚ್ಚಳ ಪೂರ್ತಿ ತೆರೆಯುತ್ತದೆಯೇ ಅಂತ ನೋಡಿ. ಎರಡು ನಿಮಿಷದ ಕೆಲಸ.

ಉಗಿಯ ಪರೀಕ್ಷೆ

ಅವತ್ತು ಸಂಜೆ ದೀಪ ಆರಿಸಿ, ಪಾತ್ರೆಯಲ್ಲಿ ನೀರು ಕುದಿಸಿ, ಬದಿಯಿಂದ ಟಾರ್ಚ್ ಹಿಡಿದು ಉಗಿ ಎಲ್ಲಿಗೆ ಹೋಗುತ್ತದೆ ಅಂತ ನೋಡಿದೆವು. ಕಾಗದದ ಪರೀಕ್ಷೆ ಫಿಲ್ಟರಿನ ಬಾಯಲ್ಲಿ ಎಳೆತ ಇದೆ ಅಂತ ಮಾತ್ರ ಹೇಳುತ್ತದೆ. ಒಲೆಯಿಂದ ಎದ್ದದ್ದು ಅಲ್ಲಿಗೆ ತಲುಪುತ್ತದೆಯೇ ಅನ್ನುವುದು ಬೇರೆಯೇ ಪ್ರಶ್ನೆ.

ಹಿಂದಿನ ಬರ್ನರ್ ಮೇಲಿನ ಉಗಿ ನೂಲಿನ ಹಾಗೆ ನೇರ ಮೇಲೆ ಹೋಗಿ ಪಟ್ಟಿಗಳ ನಡುವೆ ಮಾಯವಾಯಿತು. ಮುಂದಿನ ಬರ್ನರಿಗೆ ಪಾತ್ರೆ ಸರಿಸಿದಾಗ ಅರ್ಧ ಉಗಿ ಚಿಮಣಿಯ ತುಟಿಯನ್ನು ಸವರಿಕೊಂಡು ಹೊರಗೆ ಉರುಳಿ ಛಾವಣಿಗೆ ಹೋಯಿತು. ಚಿಮಣಿ ಒಲೆಗಿಂತ ಆಳದಲ್ಲಿ ಚಿಕ್ಕದು, ಮುಂದಿನ ಬರ್ನರನ್ನು ಅದು ಪೂರ್ತಿ ಮುಚ್ಚುವುದಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಮನೆಗಳ ಚಿಮಣಿಗಳನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಹೊಗೆ ಹಿಡಿಯುವ ಪ್ರಮಾಣ ಶೇಕಡಾ 15ಕ್ಕಿಂತ ಕಡಿಮೆಯಿಂದ ಶೇಕಡಾ 98ಕ್ಕಿಂತ ಜಾಸ್ತಿವರೆಗೆ ಹರಡಿತ್ತು, ಹಿಂದಿನ ಬರ್ನರುಗಳಲ್ಲಿ ಹಿಡಿತ ಉತ್ತಮವಾಗಿತ್ತು.

ಎರಡು ಬದಲಾವಣೆ ಮಾಡಿದೆವು. ಚಿಮಣಿಯನ್ನು ಒಲೆಯಿಂದ 75 ಸೆಂಟಿಮೀಟರ್ ಎತ್ತರಕ್ಕೆ ಕೂರಿಸಿದ್ದರು, ಅದನ್ನು 68ಕ್ಕೆ ಇಳಿಸಿದೆವು. ಈ ಮಾದರಿಗೆ ಗ್ಯಾಸ್ ಒಲೆಯ ಮೇಲೆ ಕನಿಷ್ಠ 65 ಇರಬೇಕು ಅಂತ ಕೈಪಿಡಿಯಲ್ಲಿತ್ತು, ಅದಕ್ಕಿಂತ ಕೆಳಗೆ ತರುವುದು ಬೆಂಕಿಯ ಅಪಾಯ. ಎರಡನೆಯದು, ಕರಿಯುವುದು, ಹುರಿಯುವುದು ಇನ್ನು ಮೇಲೆ ಹಿಂದಿನ ಬರ್ನರಿನಲ್ಲೇ ಅಂತ ಮನೆಯಲ್ಲಿ ಮಾತಾಯಿತು.

ಇಷ್ಟಾದರೂ ಮುಂದಿನ ಬರ್ನರಿನ ಉಗಿ ಬಲಕ್ಕೆ ವಾಲುತ್ತಿತ್ತು. ಕಾರಣ ಎಡಗಡೆಯ ಕಿಟಕಿ. ಅಡುಗೆ ಶುರು ಮಾಡುವಾಗ ಆ ಕಿಟಕಿ ತೆರೆಯುವುದು ಮನೆಯ ವರ್ಷಾನುಗಟ್ಟಲೆ ಅಭ್ಯಾಸ. ಅಲ್ಲಿಂದ ಬರುವ ಗಾಳಿ ಉಗಿಯನ್ನು ಚಿಮಣಿಯ ಕೆಳಗಿನಿಂದ ಪಕ್ಕಕ್ಕೆ ತಳ್ಳುತ್ತಿತ್ತು. ಅದನ್ನು ಮುಚ್ಚಿ ಹಾಲ್‌ನ ದೂರದ ಕಿಟಕಿಯನ್ನು ಒಂದು ಗೇಣು ತೆರೆದೆವು. ಟಾರ್ಚಿನ ಬೆಳಕಿನಲ್ಲಿ ಉಗಿ ನೆಟ್ಟಗಾಗುವುದನ್ನು ಎಲ್ಲರೂ ನಿಂತು ನೋಡಿದರು. ಹೊರಗೆ ಹೋಗುವ ಗಾಳಿಗೆ ಬದಲು ಬರುವ ಗಾಳಿ ಈಗ ಹಾಲ್‌ನಿಂದ ಅಡುಗೆಮನೆ ಕಡೆಗೆ ನಿಧಾನವಾಗಿ ಹರಿಯುತ್ತಿತ್ತು. ವಾಸನೆ ಹಾಲ್‌ಗೆ ಬರುವುದಕ್ಕೂ ಅದೇ ತಡೆಯಾಯಿತು. ಇದಕ್ಕೆ ಒಂದು ಪಾಲೂ ಖರ್ಚಾಗಲಿಲ್ಲ.

ಇದನ್ನೆಲ್ಲ ಕೊಳ್ಳುವ ಮೊದಲೇ ಮಾಡಬಹುದಿತ್ತು. ಚಿಮಣಿಯ ಆಳವನ್ನು ಒಲೆಯ ಆಳದ ಜೊತೆ ಅಳೆದು ನೋಡಲು ಟೇಪ್ ಒಂದು ಸಾಕಿತ್ತು. ಅಗಲದ ಬಗ್ಗೆ ಅಷ್ಟು ಚರ್ಚಿಸಿದ ನಾವು ಆಳವನ್ನು ಅಳೆಯಲಿಲ್ಲ. ಮುಂದಿನ ಸಲ ಇಂಥ ಕೆಲಸಕ್ಕೆ ಹೋದರೆ ನಾನು ಕೇಳುವ ಕ್ರಮವೇ ಬೇರೆ: ಅಡುಗೆ ಯಾರು ಮಾಡುತ್ತಾರೆ, ಗಾಳಿ ಹೊರಗೆ ಹೋಗುವ ಅತಿ ಹತ್ತಿರದ ದಾರಿ ಯಾವುದು, ಬದಲಿ ಗಾಳಿ ಎಲ್ಲಿಂದ ಬರುತ್ತದೆ, ಮುಂದಿನ ಬರ್ನರ್ ಚಿಮಣಿಯ ಕೆಳಗಿದೆಯೇ. ಮೋಟರಿನ ಮಾತು ಆಮೇಲೆ.

ಆರು ತಿಂಗಳ ನಂತರ

ಕೂರಿಸಿದ ದಿನ ಕಪಾಟಿನ ತಲೆಯನ್ನು ಕೆರೆದು ತೊಳೆದು, ಅದರ ಮೇಲೆ ಒಂದು ಬಿಳಿ ಹಾಳೆ ಹಾಸಿ ದಿನಾಂಕ ಬರೆದಿದ್ದೆವು. ಆರು ತಿಂಗಳಿಗೆ ಮತ್ತೆ ಹೋದೆ.

ಎಲ್ಲವೂ ಸರಿಯಾಗಿದೆ ಅಂತ ಹೇಳಲಾರೆ. ಹಬ್ಬ ಹುಣ್ಣಿಮೆಗೆ ನಾಲ್ಕೂ ಬರ್ನರ್ ಉರಿದಾಗ ಮುಂದಿನ ಎರಡರ ಹೊಗೆ ಇನ್ನೂ ತಪ್ಪಿಸಿಕೊಳ್ಳುತ್ತದೆ. ಆಗ ಗರಿಷ್ಠ ವೇಗ ಹಾಕಬೇಕು, ಆ ಸದ್ದಿನಲ್ಲಿ ಮಾತಾಡಲು ಕಷ್ಟ. ಮೂರು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು ಅಂತ ಮಾತಾಗಿತ್ತು, ಒಂದು ಸಲ ಎರಡು ತಿಂಗಳು ತಪ್ಪಿತಂತೆ. ಉಳಿಸಿಕೊಂಡ ಒಂದು ಪಾಲು ಹಾಗೇ ಇದೆ. ಮುಂದೆ ಒಲೆ ಬದಲಿಸುವಾಗ ಆಳ ಕಡಿಮೆ ಇರುವುದನ್ನು ತರಲು ಅದಕ್ಕೆ ಸೇರಿಸುತ್ತಾರಂತೆ.

ಅಜ್ಜಿಯ ಕಣ್ಣುರಿ ನಿಂತಿದೆ. ಕೆಮ್ಮು ಕಡಿಮೆಯಾಗಿದೆ. ಡಾಕ್ಟರು ಔಷಧವನ್ನೂ ಕೊಟ್ಟಿದ್ದರಿಂದ ಅದು ಚಿಮಣಿಯಿಂದಲೇ ಅಂತ ನಾನು ಬರೆಯುವುದಿಲ್ಲ.

ಹಾಳೆಯನ್ನು ಮನೆಯಾಕೆ ಇಳಿಸಿ ಮೇಜಿನ ಮೇಲೆ ಹರಡಿದರು. ಧೂಳಿತ್ತು. ಬಾಯಿಂದ ಊದಿದರೆ ಹಾರಿಹೋಯಿತು. ಒಂದು ಮೂಲೆಯಲ್ಲಿ ಮಾತ್ರ, ಮುಂದಿನ ಬರ್ನರಿನ ನೇರಕ್ಕೆ, ತಿಳಿ ಹಳದಿ ಕಲೆ. ಅಜ್ಜಿ ಅದರ ಮೇಲೆ ಬೆರಳಾಡಿಸಿ ನೋಡಿ, ಎದ್ದು ಹೋಗಿ ಚಿಮಣಿಯ ಗುಂಡಿ ಒತ್ತಿ, ಆಮೇಲೆ ಒಲೆ ಹಚ್ಚಿ ಹಿಂದಿನ ಬರ್ನರ್ ಮೇಲೆ ನೀರಿಟ್ಟರು.